ಡ್ರೈವರ್ ಗವಿಸಿದ್ದಪ್ಪನಿಗೆ ಯಾವ ಡಾಕ್ಟರು?

ಯಲಬುರ್ಗಾದಿಂದ ಗಂಗಾವತಿಗೆ ಹೋಗುವ ಬೆಳಗಿನ ಬಸ್ಸನ್ನು ಮಂದಿ ಬೋರ್ಡು ನೋಡಿ ಹತ್ತುತ್ತಿರಲಿಲ್ಲ, ಡ್ರೈವರನ ಮುಖ ನೋಡಿ ಹತ್ತುತ್ತಿದ್ದರು. ಗವಿಸಿದ್ದಪ್ಪ ಕುಳಿತಿದ್ದಾನೆಂದರೆ ಬಸುರಿ ಹೆಂಗಸರೂ ನಿಶ್ಚಿಂತೆಯಿಂದ ಏರುವರು. ಹದಿನೇಳು ವರ್ಷದ ನೌಕರಿಯಲ್ಲಿ ಅವನ ಗಾಡಿಗೆ ಒಂದು ಕೋಳಿಯೂ ಸಿಕ್ಕಿರಲಿಲ್ಲ. ಅಪಘಾತ ಮಾಡದ ಚಾಲಕನೆಂದು ಸಿಕ್ಕ ಬೆಳ್ಳಿ ಪದಕವನ್ನು ಅವನ ಹೆಂಡತಿ ಶೇಖರಮ್ಮ ತನ್ನ ಹಿಟ್ಟಿನ ಗಿರಣಿಯಲ್ಲಿ ಲಕ್ಷ್ಮಿಯ ಫೋಟೊದ ಮಗ್ಗುಲಿಗೇ ತೂಗುಹಾಕಿದ್ದಳು. ಜೋಳ ಬೀಸಿಸಲು ಬಂದವರು "ಅದೇನವ್ವಾ?" ಎಂದು ಕೇಳಿದರೆ ಸಾಕು, ಮೇಲೆ ಕೂತ ಹಿಟ್ಟನ್ನು ಸೆರಗಿನಿಂದ ಒರೆಸಿ ತೋರಿಸುವಳು.

೨೦೧೮ರ ಮೇ ತಿಂಗಳ ಒಂದು ಸೋಮವಾರ, ಬಸ್ಸು ತಾವರಗೇರಾ ದಾಟಿ ಹುಲಿಹೈದರದ ಕಡೆ ಹೊರಟಿತ್ತು. ಒಳಗೆ ನಲವತ್ತಾರು ಜನ. ಎದುರಿನಿಂದ ಬರುತ್ತಿದ್ದ ಕಲ್ಲಿನ ಲಾರಿಯ ಮುಂದಿನ ಗಾಲಿ ಪಟ್ಟನೆ ಒಡೆದು, ಲಾರಿ ಸೀದಾ ಬಸ್ಸಿನ ಮೇಲೆಯೇ ನುಗ್ಗಿತು. ಎಡಕ್ಕೆ ವಿದ್ಯುತ್ ಕಂಬ, ಅದರಾಚೆ ಬೇವಿನ ಮರ, ಇನ್ನಷ್ಟು ಮುಂದಕ್ಕೆ ಹಳ್ಳ. ಕಂಬಕ್ಕೂ ಮರಕ್ಕೂ ನಡುವೆ ಇದ್ದದ್ದು ಒಂದು ಬಸ್ಸು ಹಿಡಿಯುವಷ್ಟೇ ಜಾಗ. ಗವಿಸಿದ್ದಪ್ಪನ ಗಾಡಿ ಆ ಸಂದಿಯಲ್ಲಿ ತೂರಿಕೊಂಡು, ನೇಗಿಲು ಹೊಡೆದು ಬಿಟ್ಟಿದ್ದ ಹೊಲಕ್ಕೆ ಇಳಿದು, ಹಳ್ಳದ ದಂಡೆಯ ಮೇಲೆ ನಿಂತಿತು. ಒಬ್ಬ ಮುದುಕಿಯ ಹಲ್ಲು ಮುರಿಯಿತು, ಇನ್ನಾರೋ ಕೈ ತರಚಿಕೊಂಡರು. ಅಷ್ಟೇ. ಲಾರಿಯವನೂ ಬದುಕಿದ.

ಆಮೇಲೆ ನಡೆದದ್ದು ಊರೂರಿನ ಸಡಗರ. ಹುಲಿಹೈದರದವರು ಕರೆದು ಶಾಲು ಹೊದಿಸಿದರು. ತಾವರಗೇರಾದ ಸಂತೆಯವರು ಹೂವಿನ ಹಾರ ಹಾಕಿದರು. ಪೇಪರಿನಲ್ಲಿ ಫೋಟೊ ಬಂತು. ಶೇಖರಮ್ಮ ಆ ವಾರವೆಲ್ಲ ನೆಲದ ಮೇಲೆ ನಡೆದಳೋ ಗಾಳಿಯ ಮೇಲೆ ನಡೆದಳೋ ಅವಳಿಗೇ ತಿಳಿಯದು. ಒಂದು ಸಂಗತಿ ಮಾತ್ರ ಅವಳ ಕಣ್ಣಿಗೆ ಬಿದ್ದಿತ್ತು. ಹಾರ ಹಾಕುವಾಗೆಲ್ಲ ಗವಿಸಿದ್ದಪ್ಪ ತಲೆ ಎತ್ತುತ್ತಿರಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡಳು.

ಮೂರು ವಾರ ಕಳೆದ ಮೇಲೆ ಕಂಡಕ್ಟರ್ ವಿರುಪಣ್ಣನ ಫೋನು ಬಂತು. "ವೈನಿ, ಗಾಬರಿ ಆಗಬ್ಯಾಡ್ರಿ. ಅಣ್ಣ ಹುಲಿಹೈದರದ ಹತ್ರ ಗಾಡಿ ನಿಂದ್ರಿಸಿಬಿಟ್ಟಾನ. ಎದಿ ಹಿಡಕೊಂಡು ಕುಂತಾನ. ಮೈಯೆಲ್ಲ ನೀರು ಸುರದ್ಹಂಗ ಬೆವರು."

ಕೊಪ್ಪಳದಲ್ಲಿ ಹೃದಯದ ಡಾಕ್ಟರಿಗೆ ತೋರಿಸಿದರು. ಎದೆಗೆ ವೈರು ಹಚ್ಚಿ ಪಟ್ಟಿ ತೆಗೆದರು, ಒಳಗಿನ ಚಿತ್ರ ನೋಡಿದರು, ರಕ್ತ ನೋಡಿದರು. "ನಿಮ್ಮ ಹೃದಯ ಕಬ್ಬಿಣದ್ಹಂಗ ಐತಿ" ಎಂದ ಡಾಕ್ಟರು, ಒಂದು ಚೀಟಿ ಬರೆದು ಗವಿಸಿದ್ದಪ್ಪನ ಕೈಗೆ ಕೊಟ್ಟರು. ಅವನು ಅದನ್ನು ಓದಿ ಅಂಗಿಯ ಕಿಸೆಯಲ್ಲಿಟ್ಟ. ಬಸ್ ಸ್ಟ್ಯಾಂಡಿನಲ್ಲಿ ಶೇಖರಮ್ಮ ಏನದು ಎಂದು ಕೇಳಿದರೆ, "ಶಕ್ತಿ ಗುಳಿಗಿ" ಎಂದ.

ಗುಳಿಗೆ ಬರಲಿಲ್ಲ, ಶಕ್ತಿಯೂ ಬರಲಿಲ್ಲ. ಗವಿಸಿದ್ದಪ್ಪ ಸೊಂಟ ನೋವೆಂದು ರಜೆ ಹಾಕಿ ಮನೆಯಲ್ಲಿ ಕುಳಿತ. ಬೀದಿಯಲ್ಲಿ ಟ್ರ್ಯಾಕ್ಟರ್ ಸಪ್ಪಳವಾದರೆ ಬೆಚ್ಚಿ ಬೀಳುವನು. ತಾಟಿನಲ್ಲಿ ಹಾಕಿದ ರೊಟ್ಟಿ ಹಾಗೇ ಒಣಗುವುದು. ನಿದ್ದೆ ಹತ್ತಿದರೂ ತಾಸೆರಡು ತಾಸು. ಹೊಗಳಲು ಮನೆತನಕ ಬಂದವರ ಮುಂದೆ ಮಾತ್ರ ಹೇಗೋ ನಕ್ಕು, ಅವರು ಹೋದ ಮೇಲೆ ಗೋಡೆಗೆ ಮುಖ ಮಾಡಿ ಮಲಗುವನು.

ಒಂದು ದಿನ ಅವನ ಅಂಗಿ ಒಗೆಯಲು ತೆಗೆದಾಗ ಆ ಚೀಟಿ ಸಿಕ್ಕಿತು. "ಮನೋವೈದ್ಯರಿಗೆ ತೋರಿಸಿ" ಎಂದು ಕನ್ನಡದಲ್ಲೇ ಬರೆದಿತ್ತು. ಶೇಖರಮ್ಮ ಒಗೆಯುವ ಕಲ್ಲಿನ ಮೇಲೆಯೇ ಕುಳಿತುಬಿಟ್ಟಳು. ತೋರಿಸುವುದಕ್ಕೆ ಅವಳಿಗೂ ಮನಸ್ಸು ಬರಲಿಲ್ಲ, ಸುಳ್ಳೇಕೆ ಹೇಳಬೇಕು? ಪದಕದ ಡ್ರೈವರನ ಹೆಂಡತಿ ಎಂದು ಎದೆ ಸೆಟೆಸಿ ನಡೆದವಳು, ಹುಚ್ಚನ ಹೆಂಡತಿ ಎಂದು ಕರೆಸಿಕೊಳ್ಳಬೇಕೆ? ಅವರ ಓಣಿಯಲ್ಲಿಯೇ ಸರ್ಕಾರಿ ದವಾಖಾನೆಯ ನರ್ಸು ಮೈಮುನಬಿ ಇದ್ದಳು. ಅವಳನ್ನು ಕೇಳಿದರೆ ಗೊತ್ತಾಗುತ್ತಿತ್ತು. ಆದರೆ ಓಣಿಯವಳೆಂಬ ಕಾರಣಕ್ಕೇ ಕೇಳಲಿಲ್ಲ. ಗಂಗಾವತಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ತಮ್ಮ ಕಲ್ಲೇಶನಿಗೆ ಫೋನು ಮಾಡಿದಳು.

"ಅಕ್ಕಾ, ನಮ್ಮ ಅಂಗಡಿ ಹಿಂದಿನ ಗಲ್ಲಿಯೊಳಗ ಒಬ್ಬ ಮನೋತಜ್ಞ ಅದಾನ" ಎಂದ ಕಲ್ಲೇಶ. "ದೊಡ್ಡ ಬ್ಯಾನರ್ ಹಾಕ್ಯಾನ. ಇಪ್ಪತ್ತೊಂದು ದಿನದಾಗ ಭಯ, ಚಿಂತಿ, ಕುಡಿತ, ಎಲ್ಲಾ ಗ್ಯಾರಂಟಿ ಬಿಡಸ್ತಾನಂತ. ಮಾಮಾನ್ನ ಕರಕೊಂಡು ಬಾ."

ತಮ್ಮನನ್ನು ಮಾತಾಡಿಸಿ ಬರೋಣವೆಂದಷ್ಟೇ ಹೇಳಿ ಗಂಡನನ್ನು ಹೊರಡಿಸಿದಳು; ಆ ರಸ್ತೆ ಬಿಟ್ಟು ಕೊಪ್ಪಳದ ಮೇಲಿಂದ ಹೋದರು. ತಂಪು ಕೋಣೆ, ಮೆತ್ತನೆಯ ಕುರ್ಚಿ, ಗೋಡೆಯ ಮೇಲೆ ಸುರುಳಿ ಸುರುಳಿ ಚಿತ್ರ. ಮನೋತಜ್ಞ ಎನ್ನಿಸಿಕೊಂಡವನು ಗವಿಸಿದ್ದಪ್ಪನಿಗೆ ಏನಾಯಿತೆಂದು ಕೇಳಲೇ ಇಲ್ಲ. ಕಣ್ಣು ಮುಚ್ಚಿಸಿ ಒಂದರಿಂದ ನೂರು ಎಣಿಸಿದ. ಆಮೇಲೆ ಶೇಖರಮ್ಮನ ಕಡೆ ತಿರುಗಿ ಹೇಳಿದ:

"ಇವರ ಮನಸ್ಸು ಹುಟ್ಟಿನಿಂದನ ವೀಕ್ ಐತಮ್ಮ. ಡ್ರೈವರ್ ಕೆಲಸ ಇಂಥವ್ರಿಗೆ ಅಲ್ಲ. ಬಿಡಿಸಿಬಿಡ್ರಿ. ಬ್ಯಾರೆ ಡಾಕ್ಟರ ಕಡೆ ಮಾತ್ರ ಹೋಗಬ್ಯಾಡ್ರಿ, ಗುಳಿಗಿ ಕೊಟ್ಟು ಕೆಡಸ್ತಾರ."

ಗವಿಸಿದ್ದಪ್ಪ ತಲೆ ತಗ್ಗಿಸಿ ಹೌದೆಂಬಂತೆ ಕುಳಿತಿದ್ದ. ಅದನ್ನು ನೋಡಿ ಶೇಖರಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ಸರ್, ನೀವು ಎಲ್ಲಿ ಓದೀರಿ?" ಎಂದು ಕೇಳಿದಳು.

ಅವನು ಗೋಡೆಯ ಮೇಲಿನ ಸರ್ಟಿಫಿಕೇಟ್ ತೋರಿಸಿದ. ಮೂರು ದಿನದ ಶಿಬಿರದ್ದು. ಶೇಖರಮ್ಮ ಎಸ್ಸೆಸ್ಸೆಲ್ಸಿ ಪಾಸಾದವಳು, ತಾರೀಖು ಓದಬಲ್ಲಳು.

"ನಲವತ್ತಾರು ಮಂದೀನ ಉಳಿಸಿದ ಮನಸ್ಸು ವೀಕ್ ಅಂತೀರಲ್ಲ, ನೀವು ಎಷ್ಟು ಮಂದೀನ ಉಳಿಸೀರಿ?" ಎಂದವಳೇ ಎದ್ದು ನಿಂತಳು. "ಏಳ್ರಿ ಮನಿಗೆ ಹೋಗೂಣು. ಕಲ್ಲೇಶಾ, ಚಪ್ಪಲಿ ಹಾಕ್ಕೋ."

ಮರುದಿನ ಬೆಳಿಗ್ಗೆ ಮೈಮುನಬಿ ಮೆಣಸಿನಕಾಯಿ ಕುಟ್ಟಿಸಲು ಬಂದಾಗ ಶೇಖರಮ್ಮ ಗಿರಣಿಯ ಬಾಗಿಲು ಮುಂದಕ್ಕೆಳೆದು, ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಮೈಮುನಬಿ ಚೀಲ ಕೆಳಗಿಟ್ಟು ಪೂರಾ ಕೇಳಿದಳು.

"ನಿನ್ನ ಗಿರಣ್ಯಾಗ ಎಷ್ಟು ಮಷಿನ್ ಅದಾವಕ್ಕಾ?" ಎಂದಳು ಕೊನೆಗೆ.

"ಎರಡು. ಒಂದು ಹಿಟ್ಟಿಂದು, ಒಂದು ಖಾರದ್ದು."

"ಖಾರದ ಮಷಿನ್ನಿಗೆ ಜ್ವಾಳ ಹಾಕ್ತಿಯೇನು?"

"ಹಾಕಿದ್ರ ರೊಟ್ಟಿ ತಿಂದಾವ್ರು ಬಡ್ಯಾಕ ಬರ್ತಾರ."

"ಹಂಗ ಇದು. ಮನಸಿನ ಡಾಕ್ಟರು ಅಂದ್ರ ಎಲ್ಲಾರೂ ಒಂದ ಅಲ್ಲ. ಮನೋವೈದ್ಯರು ಅಂದ್ರ ನಮ್ಮ ದವಾಖಾನಿ ಡಾಕ್ಟರಂಗ ಎಂಬಿಬಿಎಸ್ ಮಾಡಿ, ಅದರ ಮ್ಯಾಲೆ ಮನಸಿನ ಬ್ಯಾನಿ ಬಗ್ಗೆನ ಮೂರು ವರ್ಷ ಓದಿದಾವ್ರು. ಗುಳಿಗಿ ಬರಿಯೂದು ಅವರ ಕೆಲಸ. ಇನ್ನೊಬ್ರು ಚಿಕಿತ್ಸಾ ಮನಶ್ಶಾಸ್ತ್ರಜ್ಞರು. ಅವರು ಗುಳಿಗಿ ಬರಿಯೂದಿಲ್ಲ. ಮಾತಾಡಿಸಿ, ಅಭ್ಯಾಸ ಮಾಡಿಸಿ ಅಂಜಿಕಿ ಬಿಡಸ್ತಾರ. ಅವರಿಗೂ ವರ್ಷಗಟ್ಟಲೆ ಓದು ಐತಿ, ನೋಂದಣಿ ನಂಬರ್ ಐತಿ. ಮತ್ತೊಬ್ರು ಮನೋಸಾಮಾಜಿಕ ಕಾರ್ಯಕರ್ತರು. ಮನಿಯವರ ಜೋಡಿ, ನೌಕರಿ ಕೊಟ್ಟಾವ್ರ ಜೋಡಿ ಮಾತಾಡಿ ದಾರಿ ಮಾಡಿಕೊಡ್ತಾರ."

"ಮತ್ತ ಕೌನ್ಸೆಲರ್ ಅಂತಾರಲ್ಲ ಸಿಸ್ಟರ್?"

"ಅವರೊಳಗ ಛಲೋ ಕಲಿತಾವ್ರೂ ಅದಾರ. ಸಾಲಿ ಮಕ್ಕಳಿಗೆ, ಗಂಡ-ಹೆಂಡ್ತಿ ಜಗಳಕ್ಕ, ಮನಸಿನ ಭಾರ ಇಳಿಸಾಕ ಭಾಳ ಉಪಯೋಗ ಆಗ್ತಾರ. ಆದ್ರ ಆ ಹೆಸರಿನ ಬೋರ್ಡು ಯಾರು ಬೇಕಾದ್ರೂ ಬರಿಸಬಹುದು. ಅದಕ್ಕ ಏನು ಓದೀರಿ ಅಂತ ನೀ ಕೇಳಿದ್ದು ಸರಿ. ಯಾರ ಕಡೆ ಹೋದ್ರೂ ಕೇಳು. ಇದಕ್ಕೇನಂತಾರ, ಏನು ಮಾಡ್ತೀರಿ, ಎಷ್ಟು ದಿನಕ್ಕ ಗೊತ್ತಾಕ್ಕೈತಿ ಅಂತನೂ ಕೇಳು. ಸಿಟ್ಟಾದ್ರ ಅವರು ನಿನಗಲ್ಲ. ಗ್ಯಾರಂಟಿ ಕೊಟ್ಟಾವ್ರ ಕಡೆಯಂತೂ ಹೋಗs ಬ್ಯಾಡ."

"ಈಗ ಯಾರನ್ನ ಮೊದಲು ನೋಡೂಣು?"

"ಊಟ ಬಿಟ್ಟಾನ, ನಿದ್ದಿ ಬಿಟ್ಟಾನ. ಮೊದಲು ಮನೋವೈದ್ಯರು ನೋಡ್ಲಿ. ಮುಂದಿಂದು ಅವರs ಹೇಳ್ತಾರ. ಮಂಗಳವಾರಕ್ಕೊಮ್ಮೆ ತಾಲೂಕಾ ದವಾಖಾನಿಗೆ ಬರ್ತಾರ, ಒಂದು ವಾರ ಇಲ್ಲಿ, ಒಂದು ವಾರ ಕುಷ್ಟಗಿ."

ಗಂಡನನ್ನು ಒಪ್ಪಿಸುವುದು ಆ ಎರಡು ಮಷಿನುಗಳನ್ನು ಹೆಗಲ ಮೇಲೆ ಹೊರುವುದಕ್ಕಿಂತ ಕಷ್ಟವಾಯಿತು. "ನಾನೇನು ಬೀದ್ಯಾಗ ಕಲ್ಲು ಒಗಿಯಾಕ ಹತ್ತೀನೇನು?" ಎಂದು ಗವಿಸಿದ್ದಪ್ಪ ಗುಡುಗಿದ. ಶೇಖರಮ್ಮ ಎದುರು ಗುಡುಗಲಿಲ್ಲ. ಒಗೆಯುವಾಗ ಸಿಕ್ಕಿದ್ದ ಚೀಟಿಯನ್ನು ಮಡಿಕೆ ಬಿಡಿಸಿ ಅವನ ಮುಂದಿಟ್ಟಳು.

"ಇದನ್ನ ನೀವು ಮುಚ್ಚಿಟ್ರಿ. ನಾನೂ ಓಣ್ಯಾಗ ಮುಚ್ಚಿಟ್ಟೆ. ಇಬ್ರೂ ಮುಚ್ಚಿಟ್ಟು ಎರಡು ತಿಂಗಳಾತು. ಕಡಿಮಿ ಆತೇನ್ರಿ?"

ಅವನು ಚೀಟಿಯನ್ನು ಮತ್ತೆ ಮಡಚಿ ಕಿಸೆಯಲ್ಲಿಟ್ಟ. "ಯಲಬುರ್ಗಾದಾಗ ಬ್ಯಾಡ" ಎಂದ ಆಮೇಲೆ. "ಕುಷ್ಟಗಿಗೆ ಹೋಗೂಣು. ಅಲ್ಲಿ ಯಾರಿಗೂ ನನ್ನ ಗುರುತಿಲ್ಲ."

ಹದಿನೇಳು ವರ್ಷ ದಿನಾ ಕುಷ್ಟಗಿ ಹಾಯ್ದು ಹೋದವನು ಹೇಳಿದ ಮಾತಿದು. ಕೊನೆಯ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತು ಬಂದರೂ, ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಲೂ ಚಹಾದಂಗಡಿಯವನು "ನಮಸ್ಕಾರ್ರಿ ಡ್ರೈವರ್ ಸಾಹೇಬ್ರ!" ಎಂದ. ಹೂವಿನವಳು ಕೈ ಮುಗಿದಳು. ದವಾಖಾನೆಯ ಗೇಟಿನ ವಾಚ್‌ಮನ್ ಸಲಾಮು ಹೊಡೆದು, ಯಾರನ್ನು ನೋಡಬೇಕೆಂದು ಬೇರೆ ಕೇಳಿದ. ಗವಿಸಿದ್ದಪ್ಪ ಟವೆಲ್ಲು ತಲೆಗೆ ಸುತ್ತಿಕೊಂಡು ಬೆಂಚಿನ ತುದಿಗೆ ಕುಳಿತ. ಶೇಖರಮ್ಮನಿಗೆ ನಗುವೂ ಬಂತು, ಅಳುವೂ ಬಂತು.

ಮಗ್ಗುಲ ಬೆಂಚಿನಿಂದ ಒಬ್ಬ ಹೆಂಗಸು ಇವರನ್ನೇ ನೋಡುತ್ತಿದ್ದಳು. ಎದ್ದು ಬಂದು ಬಗ್ಗಿ ನೋಡಿದಳು.

"ಡ್ರೈವರಣ್ಣ ಅಲ್ಲೇನು? ನಾನ್ರಿ ಇಮಾಮಬಾನು, ತಾವರಗೇರಾದಾಕಿ. ಅವತ್ತು ಗಾಡ್ಯಾಗ ನಿಮ್ಮ ಹಿಂದಿನ ಸೀಟಿನ್ಯಾಗ ಕುಂತಿದ್ದೆ."

ಗವಿಸಿದ್ದಪ್ಪ ಟವೆಲ್ಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡ. ಇಮಾಮಬಾನು ಶೇಖರಮ್ಮನ ಕಡೆ ತಿರುಗಿದಳು. "ಅವತ್ತಿನಿಂದ ನನಗ ಬಸ್ಸು ಅಂದ್ರ ಕೈಕಾಲು ಥಂಡ ಆಕ್ಕಾವವ್ವ. ಎಲ್ಲಾರೂ ಉಳದೀಯಲ್ಲ, ಖುಷಿ ಪಡು ಅಂತಾರ. ನನಗ ಹುಚ್ಚು ಹಿಡೀತು ಅಂತ ಮಾಡಿದ್ದೆ. ಅಣ್ಣಾರೂ ಇಲ್ಲಿಗೆ ಬಂದಾರಂದ್ರ, ನನಗ ಹುಚ್ಚಿಲ್ಲ ಅಂತಾತು."

"ನಿಮಗ ಹುಚ್ಚ್ಯಾಕ ಹಿಡೀತೈತಿ?" ಎಂದು ಗವಿಸಿದ್ದಪ್ಪ ಒಮ್ಮೆಲೆ ನುಡಿದ. ಎರಡು ತಿಂಗಳಲ್ಲಿ ಅವನು ಬೇರೆಯವರೊಂದಿಗೆ ತಾನಾಗಿ ಆಡಿದ ಮೊದಲ ಮಾತು ಅದು. "ಅಂಥಾದ್ದು ನೋಡಿದ್ರ ಯಾರಿಗಾದ್ರೂ ಹಂಗ ಆಕ್ಕೈತಿ."

"ಮತ್ತ, ನೀವು ಒದರಿದ್ದು ಇನ್ನೂ ನನ್ನ ಕಿವ್ಯಾಗ ಐತ್ರಿ. ‘ಗಟ್ಟಿ ಹಿಡಕೊಳ್ರಿ’ ಅಂತ."

"ನಾ ಒದರಿದ್ನಾ?"

"ಹೌದ್ರಿ. ಅದಕ್ಕ ಹಿಡಕೊಂಡ್ವಿ."

ಗವಿಸಿದ್ದಪ್ಪ ತಲೆಯ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

ಮನೋವೈದ್ಯ ಡಾಕ್ಟರ್ ಗೋವಿಂದರಾಜರು ನಡು ವಯಸ್ಸಿನವರು, ದನಿ ಎತ್ತದವರು. ಮೊದಲಿಂದ ಕೊನೆಯತನಕ ಕೇಳಿದರು. ಶೇಖರಮ್ಮ ಕಲಿತುಬಂದ ಪ್ರಶ್ನೆಗಳನ್ನು ಒಂದೊಂದಾಗಿ ಮುಂದಿಟ್ಟಾಗ ಪೆನ್ನು ಕೆಳಗಿಟ್ಟು ಉತ್ತರ ಕೊಟ್ಟರು.

"ಇದಕ್ಕ ಆಘಾತದ ನಂತರದ ಒತ್ತಡ ಅಂತೀವಿ. ದೊಡ್ಡ ಅಪಾಯ ಕಂಡಾವ್ರಿಗೆ ಬರ್ತೈತಿ. ಪೊಲೀಸ್ರಿಗೆ, ಸೈನಿಕರಿಗೂ ಬರ್ತೈತಿ. ಮನಸ್ಸು ದುರ್ಬಲ ಇದ್ದದ್ದಕ್ಕ ಬರೂದಲ್ಲ. ಅಪಾಯ ಮುಗಿದೈತಿ ಅಂತ ಮೈಗೆ ಇನ್ನೂ ತಿಳಿದಿಲ್ಲ, ಅಷ್ಟs. ಗುಳಿಗಿ ಕೊಡ್ತೀನಿ. ಕೆಲಸ ಮಾಡಾಕ ಮೂರು ನಾಕು ವಾರ ಬೇಕು. ನಾ ಹೇಳೂತನಕ ಗಾಡಿ ಮುಟ್ಟಬಾರದು. ಗುಳಿಗಿ ನೀವs ಬಿಡಲೂಬಾರದು, ಹೆಚ್ಚು ತಗೊಳ್ಳಲೂಬಾರದು."

"ಗುಳಿಗಿ ತಗೊಂಡ್ರ ಮತ್ತ ಗಾಡಿ ಹೊಡೀತೀನೇನ್ರಿ?" ಗವಿಸಿದ್ದಪ್ಪ ಕೇಳಿದ.

"ಗುಳಿಗಿ ನಿದ್ದಿ ಕೊಡ್ತೈತಿ, ಎದಿ ಬಡಿತ ತಗ್ಗಸ್ತೈತಿ. ಸ್ಟೇರಿಂಗ್ ಹಿಡಿಯೂ ಧೈರ್ಯ ಗುಳಿಗ್ಯಾಗ ಇಲ್ರಿ. ಅದಕ್ಕ ಕೊಪ್ಪಳ ಜಿಲ್ಲಾ ದವಾಖಾನ್ಯಾಗ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಅದಾರ, ಸಹನಾ ಅಂತ. ವಾರಕ್ಕೊಮ್ಮೆ ಅವರ ಕಡೆ ಹೋಗ್ರಿ. ನಾವಿಬ್ರೂ ಮಾತಾಡಿಕೊಂಡs ಮಾಡ್ತೀವಿ."

ಸಹನಾಳನ್ನು ನೋಡಿ ಗವಿಸಿದ್ದಪ್ಪ ಬಾಗಿಲಲ್ಲೇ ಹಿಂದೆ ಸರಿದ. ಇಪ್ಪತ್ತೆಂಟು ವರ್ಷದ ಹುಡುಗಿ, ಕೂದಲು ಎತ್ತಿ ಕಟ್ಟಿಕೊಂಡಿದ್ದಾಳೆ. "ಈ ಕೂಸಿನ ಮುಂದ ನಾ ಏನು ಹೇಳ್ಲಿ?" ಎಂದು ಹೆಂಡತಿಯ ಕಿವಿಯಲ್ಲಿ ಗೊಣಗಿದ. ಶೇಖರಮ್ಮ ಅವಳನ್ನೂ ಬಿಡಲಿಲ್ಲ. ಏನು ಓದೀರಿ, ಇಂಥವರನ್ನು ಮೊದಲು ನೋಡೀರೇನು, ಹೇಗೆ ಮಾಡ್ತೀರಿ. ಸಹನಾಳ ಮುಖ ಅರಳಿತು.

"ಇಷ್ಟು ಚಂದ ಯಾರೂ ಕೇಳಂಗಿಲ್ಲಮ್ಮ" ಎಂದಳು. ಓದಿದ್ದು, ಕಲಿತದ್ದು ಎಲ್ಲ ಹೇಳಿ, ನೋಂದಣಿಯ ನಂಬರನ್ನೂ ತೋರಿಸಿದಳು. "ಕಾಕಾ, ಮೂರು ಸರ್ತಿ ಬಂದು ನೋಡ್ರಿ. ನನ್ನ ಜೋಡಿ ಸರಿ ಅನ್ನಿಸ್ಲಿಲ್ಲ ಅಂದ್ರ ಮಾರಿ ಮ್ಯಾಲೆನ ಹೇಳ್ರಿ. ನನಗ ಬ್ಯಾಸರ ಆಗೂದಿಲ್ಲ. ಬ್ಯಾರೆಯವ್ರ ಹೆಸರು ನಾನs ಕೊಡ್ತೀನಿ. ಇಲ್ಲಿ ಹೇಳಿದ್ದು ಇಲ್ಲೇ ಉಳೀತೈತಿ. ನಿಮ್ಮ ಜೀವಕ್ಕ ಅಪಾಯ ಅನ್ನಿಸಿದ್ರ ಮಾತ್ರ ಮನಿಯವ್ರಿಗೆ, ಡಾಕ್ಟರಿಗೆ ತಿಳಸ್ತೀನಿ."

ಮೊದಲ ಸಲ ಹವಾಮಾನದ ಮಾತಾಡಿ ಬಂದ. ಎರಡನೆಯ ಸಲ ಅರ್ಧ ತಾಸು ಸುಮ್ಮನೆ ಕುಳಿತು ಬಂದ. ಅಷ್ಟರಲ್ಲಿ ಗುಳಿಗೆ ಹಿಡಿದು ನಿದ್ದೆ ಸ್ವಲ್ಪ ಕೂಡಿಬರತೊಡಗಿತ್ತು. ಮೂರನೆಯ ಸಲ ಒಳಗೆ ಹೋದವನು ಒಂದು ತಾಸಾದರೂ ಹೊರಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿದ್ದವು. ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತ ಕುಳಿತಾಗ ಅವನೇ ಬಾಯಿ ಬಿಟ್ಟ.

"ಮುಂದಿನ ವಾರನೂ ಬರೂಣು. ಆ ಕೂಸಿಗೆ ಕೇಳಿಸಿಕೊಳ್ಳಾಕ ಬರ್ತೈತಿ." ಆಮೇಲೆ ಕೈಯಲ್ಲಿನ ಕಾಗದವನ್ನು ಮಡಚುತ್ತ ಹೇಳಿದ, "ಶೇಖರಾ, ಲಾರಿ ಮೈಮ್ಯಾಲೆ ಬಂದಾಗ ನಾ ಕಣ್ಣು ಮುಚ್ಚಿಬಿಟ್ಟೆ."

ಅವಳು ಮಿರ್ಚಿ ಕೆಳಗಿಟ್ಟಳು.

"ತಗದು ನೋಡಿದ್ರ ಗಾಡಿ ಹೊಲದಾಗಿತ್ತು. ನಾ ಏನೂ ಮಾಡಿಲ್ಲ. ಗಾಡಿ ತಾನs ಹೊಳ್ಳಿತು. ಮಂದಿ ಹಾರ ಹಾಕಿದ್ರು, ನೀ ಪೇಪರ್ ಕತ್ತರಿಸಿ ಇಟ್ಟಿ. ಒಂದೊಂದು ಹಾರಾನೂ ಕೊರಳಿಗೆ ಕಲ್ಲು ಕಟ್ಟಿದಂಗ ಆಗ್ತಿತ್ತು. ಕಳ್ಳ ಹೊಗಳಿಸಿಕೊಂಡ್ಹಂಗ."

ಹೊಗಳಿಕೆಯ ಆ ಹಾರಗಳಲ್ಲಿ ತನ್ನದೂ ಒಂದಿತ್ತಲ್ಲ ಎಂದು ಶೇಖರಮ್ಮನಿಗೆ ಚುಚ್ಚಿತು. ಸಮಾಧಾನದ ಮಾತು ಹತ್ತು ತುಟಿಗೆ ಬಂದವು. ಒಂದನ್ನೂ ಆಡಲಿಲ್ಲ. "ಇಷ್ಟು ದಿನ ಒಬ್ರs ಹೊತ್ತೀರಲ್ರಿ" ಎಂದಳು, ಅಷ್ಟೇ.

ಸಹನಾ ಅವಸರ ಮಾಡಲಿಲ್ಲ. ನೀವು ವೀರರೇ ಎಂದು ಹೊಗಳಲೂ ಇಲ್ಲ, ಕಣ್ಣು ಮುಚ್ಚಿದ್ದು ಸುಳ್ಳೆಂದು ವಾದಿಸಲೂ ಇಲ್ಲ. ಆ ದಿನದ ಕತೆಯನ್ನು ಮೊದಲಿಂದ ಕೊನೆಯವರೆಗೆ, ಮತ್ತೆ ಮತ್ತೆ, ಸಣ್ಣ ಸಣ್ಣ ಸಂಗತಿ ಕೂಡಿಸಿ ಹೇಳಿಸಿದಳು. ಉಸಿರು ಹಿಡಿತಕ್ಕೆ ತರುವುದನ್ನು ಕಲಿಸಿದಳು. ಆಮೇಲೆ ಒಂದೊಂದೇ ಮೆಟ್ಟಿಲು. ಒಂದು ವಾರ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಬರುವ ಹೋಗುವ ಗಾಡಿ ನೋಡುವುದು. ಇನ್ನೊಂದು ವಾರ ಡ್ರೈವರನ ಹಿಂದಿನ ಸೀಟಿನಲ್ಲೇ ಕುಳಿತು, ಕಣ್ಣು ತೆರೆದು ಎದುರಿನ ರಸ್ತೆ ನೋಡುತ್ತ ಕುಷ್ಟಗಿಯವರೆಗೆ. ಅದು ಹಗುರಾದ ಮೇಲೆ ತಾವರಗೇರಾದವರೆಗೆ. ಒಮ್ಮೆ ಅರ್ಧ ದಾರಿಗೇ ಇಳಿದು ವಾಪಸು ಬಂದ. "ಇಳಿದಿದ್ದಕ್ಕ ತಪ್ಪಿಲ್ಲ ಕಾಕಾ, ಮತ್ತ ಹತ್ತಿದ್ರೇನು?" ಎಂದಳು ಸಹನಾ. ಮರುದಿನವೇ ಹತ್ತಿದ. ಶೇಖರಮ್ಮ ಗಿರಣಿಯನ್ನು ಮಧ್ಯಾಹ್ನ ಮುಚ್ಚಿ ಮಗ್ಗುಲಲ್ಲಿ ಕುಳಿತು ಹೋಗುವಳು. ಜೋಳ ಹೊತ್ತು ಬಂದವರು "ಎಲ್ಲಿಗೆ ಹೋಗಿದ್ದಿ?" ಎಂದರೆ, ಈಗ ಮುಚ್ಚಿಡುತ್ತಿರಲಿಲ್ಲ. "ನಮ್ಮವ್ರನ್ನ ಮನಶ್ಶಾಸ್ತ್ರಜ್ಞರಿಗೆ ತೋರಸಾಕ ಹತ್ತೀವಿ" ಎನ್ನುವಳು. ಕೆಲವರು ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ ಎಂದು ಮಷಿನ್ನಿನ ಸ್ವಿಚ್ಚು ಒತ್ತುವಳು.

ನವೆಂಬರಿನಲ್ಲಿ ಹುಲಿಹೈದರದ ಹತ್ತಿರ ಆ ಜಾಗದಲ್ಲಿಯೇ ಇಳಿದರು. ಹೊಲದಲ್ಲಿ ಜೋಳ ಮೊಣಕಾಲುದ್ದ ಬೆಳೆದಿತ್ತು. ಗವಿಸಿದ್ದಪ್ಪನ ತುಟಿ ಒಣಗಿದ್ದವು, ಬೆರಳು ನಡುಗುತ್ತಿದ್ದವು. ಸಹನಾ ಹೇಳಿಕೊಟ್ಟಂತೆ ಓಡಿಹೋಗದೆ ನಿಂತ. ಉಸಿರು ಎಳೆದು ಬಿಟ್ಟ. ನಡುಕ ಏರಿ, ಏರಿ, ಆಮೇಲೆ ತಾನಾಗಿಯೇ ಇಳಿಯತೊಡಗಿತು. ಅವನು ರಸ್ತೆಯ ಅಂಚಿನಿಂದ ಕಂಬದತನಕ ಹೆಜ್ಜೆ ಎಣಿಸಿದ. ಕಂಬದಿಂದ ಬೇವಿನ ಮರಕ್ಕೆ ಎಣಿಸಿದ. ತಿರುಗಿ ಬಂದು ಮತ್ತೊಮ್ಮೆ ಎಣಿಸಿದ.

"ಶೇಖರಾ, ಇಲ್ಲಿ ನೋಡು. ಮೊದಲು ಎಡಕ್ಕ ಪೂರಾ ಎಳೀಬೇಕು. ಕಂಬ ದಾಟಿದ ಕೂಡ್ಲೆ ಬಲಕ್ಕ ಅರ್ಧ ಹೊಳ್ಳಿಸಬೇಕು, ಇಲ್ಲಂದ್ರ ಮರಕ್ಕ. ಆಮ್ಯಾಲೆ ಬ್ರೇಕು, ಒಮ್ಮೆಲೆ ಅಲ್ಲ, ಬಿಟ್ಟು ಬಿಟ್ಟು, ಇಲ್ಲಂದ್ರ ಪಲ್ಟಿ." ಅವನ ಕೈಗಳು ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತಿದ್ದವು. ಹಾಗೆಯೇ ನಿಂತುಬಿಟ್ಟವು. ಅವನು ತನ್ನ ಕೈಗಳನ್ನೇ ನೋಡಿದ.

"ಗಾಡಿ ತಾನs ಇಷ್ಟೆಲ್ಲ ಮಾಡೂದಿಲ್ಲ" ಎಂದ ಮೆಲ್ಲಗೆ. "ಕಣ್ಣು ಮುಚ್ಚಿದ್ದು ಖರೇ. ಅಂಜಿದ್ದೂ ಖರೇ. ಆದ್ರ ಇದನ್ನೂ ನಾನs ಮಾಡೀನಿ."

ಅವನು ಹೊಲದ ಬದುವಿನ ಮೇಲೆ ಕುಳಿತು ಅತ್ತ. ಶೇಖರಮ್ಮ ಮಗ್ಗುಲಿಗೆ ಕುಳಿತಳು. ದಾರಿಯಲ್ಲಿ ಹೋಗುತ್ತಿದ್ದ ಬಸ್ಸೊಂದು ಗುರುತು ಹಿಡಿದು ಹಾರ್ನು ಹೊಡೆಯಿತು. ಗವಿಸಿದ್ದಪ್ಪ ಬೆಚ್ಚಲಿಲ್ಲ, ಕೈ ಎತ್ತಿದ.

ಇನ್ನು ಉಳಿದದ್ದು ನೌಕರಿಯ ದಾರಿ. ಅದನ್ನು ಮನೋಸಾಮಾಜಿಕ ಕಾರ್ಯಕರ್ತ ಮೌಲಾಹುಸೇನ ನೋಡಿಕೊಂಡ. ಜಿಲ್ಲಾ ದವಾಖಾನೆಯಲ್ಲಿ ಸಹನಾಳ ಮಗ್ಗುಲ ಕೋಣೆಯವನು, ಮಾತಿನಲ್ಲಿ ಸಕ್ಕರೆ, ಕಾಗದಪತ್ರದಲ್ಲಿ ಖಡಕ್. ಏನು ಹೇಳಬೇಕು, ಏನು ಹೇಳಬಾರದು ಎಂದು ಗವಿಸಿದ್ದಪ್ಪನನ್ನು ಮೊದಲು ಕೇಳಿ, ಅಷ್ಟನ್ನೇ ಹಿಡಿದುಕೊಂಡು ಡಿಪೋಕ್ಕೆ ಹೋದ. ಡಿಪೋದ ಅಧಿಕಾರಿ ಒಳ್ಳೆಯ ಮನುಷ್ಯ. ಮೊದಲು ಒಂದು ತಿಂಗಳು ಡಿಪೋದೊಳಗಿನ ಕೆಲಸ, ಗೋವಿಂದರಾಜರು ಗುಳಿಗೆ ತಗ್ಗಿಸಿ ಸರಿಯಿದ್ದಾನೆಂದು ಬರೆದುಕೊಟ್ಟ ಮೇಲೆ ಖಾಲಿ ಗಾಡಿಯಲ್ಲಿ ಪರೀಕ್ಷೆ, ಅದಾದ ಮೇಲೆ ಡ್ಯೂಟಿ ಎಂದು ಒಪ್ಪಿದರು. ಜನವರಿಯ ಮೊದಲ ವಾರ ಗವಿಸಿದ್ದಪ್ಪ ಅದೇ ಬೆಳಗಿನ ಬಸ್ಸಿನ ಸ್ಟೇರಿಂಗ್ ಹಿಡಿದ. ಶೇಖರಮ್ಮ ತಾನೂ ಬರುತ್ತೇನೆಂದರೆ ಬೇಡವೆಂದ. "ನೀ ಇದ್ರ ನಾ ಕನ್ನಡ್ಯಾಗ ನಿನ್ನs ನೋಡ್ತೀನಿ, ರಸ್ತಾ ನೋಡೂದಿಲ್ಲ." ಗಂಗಾವತಿ ಮುಟ್ಟಿ ವಿರುಪಣ್ಣ ಫೋನು ಮಾಡಿದಾಗ ಅವಳು ಹಿಟ್ಟಿನ ಕೈಯಲ್ಲೇ ಎತ್ತಿದಳು. "ವೈನಿ, ಹುಲಿಹೈದರದಾಗ ಅಣ್ಣ ಗಾಡಿ ನಿಂದ್ರಿಸ್ಲಿಲ್ಲ!" ಎಂದು ಅವನು ಕೂಗುತ್ತಿದ್ದ. ಹಿಂದಿನಿಂದ ಗವಿಸಿದ್ದಪ್ಪನ ದನಿ ಕೇಳಿಸಿತು: "ನಿಂದ್ರಿಸ್ಲಿಲ್ಲ ಅಂದ್ರ ಹೆಂಗೋ? ಅಲ್ಲಿ ಇಬ್ರು ಇಳಿಯಾವ್ರಿದ್ರಲ್ಲ!"

ಸಂಕ್ರಾಂತಿ ಮುಗಿದ ಮೇಲೆ ಡಿಪೋದಲ್ಲಿ ರಸ್ತೆ ಸುರಕ್ಷತೆಯ ಕಾರ್ಯಕ್ರಮ. ಡ್ರೈವರು, ಕಂಡಕ್ಟರು, ಅವರ ಮನೆಯವರು ಸೇರಿ ನೂರೈವತ್ತು ಜನ. ಅಧಿಕಾರಿ ಗವಿಸಿದ್ದಪ್ಪನನ್ನು ಕರೆದು, ಆ ದಿನ ಬಸ್ಸನ್ನು ಹೇಗೆ ಉಳಿಸಿದೆ ಎಂದು ಎರಡು ಮಾತು ಹೇಳು ಎಂದರು. ಅವನು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ. ಹೆಂಗಸರ ಸಾಲಿನಲ್ಲಿ ಕುಳಿತ ಶೇಖರಮ್ಮನಿಗೂ ಅವನು ಏನು ಹೇಳುತ್ತಾನೆಂದು ಗೊತ್ತಿರಲಿಲ್ಲ.

"ಲಾರಿ ಬಂದಾಗ ನಾ ಅಂಜಿ ಕಣ್ಣು ಮುಚ್ಚಿದ್ದೆ" ಎಂದ ಗವಿಸಿದ್ದಪ್ಪ.

ಚಹಾ ಹಂಚುತ್ತಿದ್ದ ಹುಡುಗ ತಟ್ಟೆ ಹಿಡಿದೇ ತಿರುಗಿ ನೋಡಿದ.

"ಕೈ ತಮ್ಮ ಕೆಲಸ ಮಾಡಿದ್ವು. ಮಂದಿ ಉಳಿದ್ರು. ಆಮ್ಯಾಲೆ ನಾ ಏಳು ತಿಂಗಳು ಗಾಡಿ ಹೊಡೀಲಿಲ್ಲ. ಸೊಂಟ ನೋವು ಅಂತ ಅರ್ಜಿ ಕೊಟ್ಟಿದ್ದೆ, ಅದು ಸುಳ್ಳು. ನನಗ ಮನಸಿನ ಬ್ಯಾನಿ ಆಗಿತ್ತು. ಮನೋವೈದ್ಯರು ಗುಳಿಗಿ ಕೊಟ್ರು, ಇನ್ನೂ ಒಂದು ಗುಳಿಗಿ ನಡದೈತಿ. ಮನಶ್ಶಾಸ್ತ್ರಜ್ಞರು ಅಂಜಿಕಿ ಬಿಡಿಸಿದ್ರು, ಮಗಳಾಗೂ ವಯಸ್ಸಿನ ಕೂಸು. ಇಬ್ರೂ ಬ್ಯಾರೆ, ಇಬ್ರದೂ ಕೆಲಸ ಬ್ಯಾರೆ. ಅದು ನನಗ ಗೊತ್ತಿರಲಿಲ್ಲ. ನಮ್ಮ ಮನ್ಯಾಕಿ ಕೇಳಿ ಕೇಳಿ ತಿಳಕೊಂಡ್ಲು. ಇಂಜಿನ್ ಕೆಟ್ರ ಮೆಕ್ಯಾನಿಕ್ ಕಡೆ, ಟಯರ್ ಹೋದ್ರ ಪಂಚರ್ ಅಂಗಡಿ ಕಡೆ ಹೋಗ್ತೀವಿ. ನಮ್ಮ ತಲಿಗೆ ಮಾತ್ರ ಯಾರ ಕಡೆನೂ ಹೋಗೂದಿಲ್ಲ. ನಿಮ್ಮೊಳಗ ಯಾರಿಗಾರ ಹಂಗಾಗಿದ್ರ ನನ್ನ ಕೇಳ್ರಿ. ನಾ ಜೋಡಿ ಬರ್ತೀನಿ."

ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಡ್ರೈವರು ಎದ್ದು ನಿಂತು ಚಪ್ಪಾಳೆ ತಟ್ಟಿದ. ಒಬ್ಬೊಬ್ಬರಾಗಿ ಎದ್ದರು.

ಹಾರ ಬಿದ್ದ ದಿನಗಳಲ್ಲಿ ಶೇಖರಮ್ಮ ಅಷ್ಟೊಂದು ಬೀಗಿದ್ದಳು. ಇಂದು ಬೀಗಲಿಲ್ಲ. ಎದೆ ಮಾತ್ರ ತುಂಬಿ, ಸೀರೆಯ ಸೆರಗು ಸರಿಮಾಡಿಕೊಳ್ಳಲೂ ಕೈ ಬಾರದೆ ನೆಟ್ಟಗೆ ಕುಳಿತಿದ್ದಳು. ಈ ಗಂಡಸು ನನ್ನವನು ಎಂದು ನೂರೈವತ್ತು ಜನರಿಗೂ ಕೂಗಿ ಹೇಳಬೇಕೆನಿಸಿತು. ಹೇಳುವ ಅಗತ್ಯವಿರಲಿಲ್ಲ, ಎಲ್ಲರೂ ತಿರುಗಿ ಅವಳನ್ನೇ ನೋಡುತ್ತಿದ್ದರು.

ಮಗ್ಗುಲಲ್ಲಿದ್ದ ಒಬ್ಬ ಡ್ರೈವರನ ಹೆಂಡತಿ ಇನ್ನಷ್ಟು ಹತ್ತಿರ ಸರಿದಳು. ಬಾಯಿಗೆ ಸೆರಗು ಅಡ್ಡ ಹಿಡಿದು ಕೇಳಿದಳು:

"ಅಕ್ಕಾ, ಆ ಡಾಕ್ಟರು ಬರೂದು ಯಾವ ಮಂಗಳವಾರ್ರಿ?"

"ಮೊದಲು ನಿಮ್ಮವ್ರಿಗೆ ಏನಾಗೈತಿ ಅಂತ ಹೇಳವ್ವ" ಎಂದಳು ಶೇಖರಮ್ಮ, ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಳ್ಳುತ್ತ.